17 ಗೆರೆಗಳ ಚಾರ್ಟು



ಆಸ್ಪತ್ರೆ ಎಂದೊಡನೆ ಕೇರಳದ ನರ್ಸ್ ನೆನಪಾಗದವರು ನಮ್ಮಲ್ಲಿ ವಿರಳ. ಅವರಲ್ಲಿ ಕೆಲವರ ಇಡೀ ವೃತ್ತಿಜೀವನ, ಬುದ್ಧಿಯ ಬೆಳವಣಿಗೆ ನಿಧಾನವಾದವರ ಆರೈಕೆಯಲ್ಲೇ ಕಳೆಯುತ್ತದೆ. ಆ ಕೆಲಸಕ್ಕೂ ಒಂದು ಇತಿಹಾಸವಿದೆ.

ಬ್ರಿಟಿಷ್ ಇಂಡಿಯಾದ 1912ರ ಕಾಯ್ದೆ ಇಂಥವರನ್ನೂ ಹುಚ್ಚರೆಂದೇ ಕರೆದಿತ್ತು. ಅಂಥವರಿಗೆ ಉಳಿಯುತ್ತಿದ್ದದ್ದು ಮನೆಯ ಮೂಲೆ, ಇಲ್ಲವೇ ಹುಚ್ಚಾಸ್ಪತ್ರೆಯ ಗೋಡೆ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕೊನೆಗೂ ಬುದ್ಧಿಮಾಂದ್ಯತೆಯನ್ನು ಮನೋರೋಗದಿಂದ ಬೇರೆ ಮಾಡಲಾಯಿತು. ಇದು ರೋಗವಲ್ಲ, ಆದ್ದರಿಂದ ವಾಸಿ ಮಾಡುವ ಮಾತಿಲ್ಲ. ಕಲಿಸುವುದು, ಜೊತೆಗಿರುವುದು ಮುಖ್ಯ. ತಿರುವನಂತಪುರದಲ್ಲಿ ಫಾದರ್ ಥಾಮಸ್ ಫೆಲಿಕ್ಸ್ 1980ರಲ್ಲೇ ಇಂಥ ಮಕ್ಕಳಿಗಾಗಿ ಸಂಸ್ಥೆ ತೆರೆದಿದ್ದರು.

ಅದೇ ಊರಿನಿಂದ 1991ರಲ್ಲಿ ಡಾ. ಎಂ.ಕೆ.ಸಿ. ನಾಯರ್ ಮತ್ತು ಸಂಗಡಿಗರು ಒಂದು ಚಾರ್ಟನ್ನು ಪ್ರಕಟಿಸಿದರು. ಅದರಲ್ಲಿ ಎರಡು ವರ್ಷದೊಳಗಿನ ಮಗು ಮಾಡಬೇಕಾದ 17 ಕೆಲಸಗಳಿಗೆ 17 ಗೆರೆಗಳು. ಮುಖ ನೋಡಿ ನಗುತ್ತದೆಯೇ, ಕತ್ತು ನಿಲ್ಲಿಸುತ್ತದೆಯೇ, ಮಗುಚಿಕೊಳ್ಳುತ್ತದೆಯೇ, ಎರಡು ಮಾತಾಡುತ್ತದೆಯೇ? ಮಗುವಿನ ವಯಸ್ಸಿನ ತಿಂಗಳಿಗೆ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೆಟ್ಟಗೆ ಇಟ್ಟರೆ, ಅದರ ಎಡಗಡೆ ಬರುವುದನ್ನೆಲ್ಲ ಮಗು ಮಾಡುತ್ತಿರಬೇಕು. ದುಬಾರಿ ಯಂತ್ರ ಬೇಡ, ಐದಾರು ನಿಮಿಷ ಸಾಕು. ನರ್ಸ್ ಇರಲಿ, ಅಂಗನವಾಡಿ ಕಾರ್ಯಕರ್ತೆಯೂ ಇದನ್ನು ನೋಡಬಲ್ಲಳು. "ನಿಧಾನ, ಆಮೇಲೆ ಸರಿಹೋಗುತ್ತೆ" ಎಂದು ಕಳೆದುಹೋಗುತ್ತಿದ್ದ ತಿಂಗಳುಗಳು ಹೀಗೆ ಉಳಿದವು.

ಗುರುತಿಸಿದ ಮೇಲೆ ನಿಜವಾದ ಕೆಲಸ ಶುರು. ನೆತ್ತಿಗೇರದಂತೆ ಉಣಿಸಬೇಕು, ಫಿಟ್ಸ್ ಬಂದಾಗ ಮಗ್ಗುಲಿಗೆ ಮಲಗಿಸಬೇಕು, ದೊಡ್ಡವಳಾದ ಹುಡುಗಿಗೆ ಮುಟ್ಟಿನ ದಿನಗಳನ್ನು ನಿಭಾಯಿಸಲು ಕಲಿಸಬೇಕು. ನೋವೆಂದು ಹೇಳಲಾರದವರ ನೋವನ್ನು ಮುಖದಲ್ಲೇ ಓದಬೇಕು.

ಕೊಚ್ಚಿಯ ನೆಡುಂಬಾಶ್ಶೇರಿ ವಿಮಾನ ನಿಲ್ದಾಣ 1999ರಲ್ಲಿ ತೆರೆದಾಗ, ಹೊರದೇಶಕ್ಕೆ ಹೊರಟ ನರ್ಸುಗಳಿಗೆ ದಾರಿ ಹತ್ತಿರವಾಯಿತು. ಬ್ರಿಟನ್ನಿನಲ್ಲಿ ಈ ಆರೈಕೆ ಶುಶ್ರೂಷೆಯ ನಾಲ್ಕು ಶಾಖೆಗಳಲ್ಲಿ ಒಂದು. ನಮ್ಮಲ್ಲಿ ಇದಕ್ಕೆ ಪ್ರತ್ಯೇಕ ಪದವಿಯಿಲ್ಲ. ಮಕ್ಕಳ ಶುಶ್ರೂಷೆ, ಮನೋರೋಗ ಶುಶ್ರೂಷೆಗಳ ನಡುವೆ ಹಂಚಿಹೋಗಿದೆ.

ಅದೇ 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಲು ಅದು ದಾರಿ ಮಾಡಿತು. "ನಾನು ಹೋದ ಮೇಲೆ ಇವನಿಗೆ ಯಾರು?" ಎನ್ನುವ ತಾಯಿಗೆ ಕಾನೂನು ಕೊಟ್ಟ ಉತ್ತರ ಅದು. ಆದರೆ ಕಾಗದ ಊಟ ಮಾಡಿಸುವುದಿಲ್ಲ. ಅದಕ್ಕೆ ಪಳಗಿದ ಕೈ ಬೇಕು, ಆ ಕೈಗೆ ಒಂದು ಹೆಸರೂ ಬೇಕು.