ಕಾಡತೂಸಿಗೆ ಸಬ್ಸಿಡಿ, ಎಲೆಗೆ ಲೆಕ್ಕ: ಇಂಗ್ಲೆಂಡಿನ ಕಾಡುಪಾರಿವಾಳದ ಕಥೆ

ಹಿಂಗಾರಿ ಜೋಳ ಹಾಲುಗಾಳಾದಾಗ ಅಟ್ಟಣೆ ಏರಿ, ಕವಣೆ ಬೀಸಿ, ತಗಡು ಬಡಿದು ಹಕ್ಕಿ ಓಡಿಸಿದವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ. ಹೋದ ವರ್ಷ ಬೆಳೆಹಾನಿ ಸುದ್ದಿ ಮಾಡಲು ಹೋದಾಗ ರೈತರೊಬ್ಬರು ನನ್ನನ್ನು ಕೇಳಿದ್ದರು: "ಬಂದೂಕು ಕೊಟ್ಟು ಹೊಡೀರಿ ಅಂದ್ರೆ ಮುಗೀತಲ್ರಿ?" ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊಡೆಯಿರಿ ಎಂದು ಹೇಳಿ, ಕಾಡತೂಸಿನ ದುಡ್ಡಿನಲ್ಲೂ ಪಾಲು ಕೊಟ್ಟ ಸರ್ಕಾರವೊಂದು ಇತ್ತು ಅನ್ನೋದು ಆಮೇಲೆ ಓದಿ ಗೊತ್ತಾಯಿತು. ಅದು ಇಂಗ್ಲೆಂಡಿನ ಸರ್ಕಾರ. ಹೊಡೆಸಿದ್ದು ಕಾಡುಪಾರಿವಾಳವನ್ನು.

ಈ ಹಕ್ಕಿ ನಮ್ಮ ಗುಡಿ ಗೋಪುರದಲ್ಲಿ ಕೂರುವ ಪಾರಿವಾಳಕ್ಕಿಂತ ದೊಡ್ಡದು, ಅರ್ಧ ಕಿಲೋದಷ್ಟು ತೂಗುತ್ತದೆ. ಕತ್ತಿನ ಎರಡೂ ಬದಿ ಬಿಳಿ ಮಚ್ಚೆ, ರೆಕ್ಕೆ ಬಿಚ್ಚಿದರೆ ಬಿಳಿ ಪಟ್ಟಿ. ಪಶ್ಚಿಮ ಘಟ್ಟದ ನೀಲಗಿರಿ ಕಾಡುಪಾರಿವಾಳ ಇದರ ಕುಲದ್ದೇ, ಆದರೆ ಅದು ಕಾಡಿನ ಹಣ್ಣು ತಿಂದುಕೊಂಡು ತನ್ನ ಪಾಡಿಗೆ ಇರುತ್ತದೆ. ಇಂಗ್ಲೆಂಡಿನ ಹಕ್ಕಿ ಮಾತ್ರ ಕಾಡು ಬಿಟ್ಟು ಹೊಲಕ್ಕೆ ಇಳಿಯಿತು.

ಇಳಿಯಲು ಕಾರಣ ರೈತರೇ. 18ನೇ ಶತಮಾನದಲ್ಲಿ ಅಲ್ಲಿ ಚಳಿಗಾಲದ ದನದ ಮೇವಿಗೆಂದು ಟರ್ನಿಪ್ ಗಡ್ಡೆ ಬೆಳೆಯುವುದು ಹೆಚ್ಚಾಯಿತು. ಹ್ಯಾಂಪ್‌ಶೈರ್‌ನ ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ತನ್ನೂರಿನ ಹಕ್ಕಿ, ಹುಳ, ಹವೆಯ ಬಗ್ಗೆ ಬರೆದ ಪತ್ರಗಳು 1789ರಲ್ಲಿ ಪುಸ್ತಕವಾಗಿ ಬಂದವು. ಮೊದಲು ಓಕ್ ಮತ್ತು ಬೀಚ್ ಮರದ ಕಾಯಿ ತಿನ್ನುತ್ತಿದ್ದ ಪಾರಿವಾಳ ಈಗ ಕೊರೆಯುವ ಚಳಿಯಲ್ಲಿ ಟರ್ನಿಪ್ ಕುಕ್ಕುತ್ತಿದೆ, ಅದರಿಂದ ಮಾಂಸದ ರುಚಿಯೂ ಕೆಟ್ಟಿದೆ ಎಂದು ಅದರಲ್ಲಿದೆ. ಹಿಮ ಬಿದ್ದಾಗ ಹೊಲದಲ್ಲಿ, ಸಂಜೆ ಮರಕ್ಕೆ ಮರಳುವಾಗ ಹೊಂಚು ಹಾಕಿ, ಹೀಗೆ ಎರಡು ಬಗೆಯಲ್ಲಿ ಜನ ಅದನ್ನು ಹೊಡೆಯುತ್ತಿದ್ದರು.

ಅದೇ 1789ರ ಆಗಸ್ಟ್‌ನಲ್ಲಿ ಪಕ್ಕದ ಫ್ರಾನ್ಸ್‌ನ ರಾಷ್ಟ್ರೀಯ ಸಭೆ ಜಮೀನುದಾರರ ವಿಶೇಷ ಹಕ್ಕುಗಳನ್ನು ರದ್ದು ಮಾಡಿತು. ಪಾರಿವಾಳದ ಗೂಡುಮನೆ ಕಟ್ಟುವ ಹಕ್ಕೂ ಆ ಪಟ್ಟಿಯಲ್ಲಿತ್ತು. ಅದು ಸಾಕಿದ ಪಾರಿವಾಳ, ಬೇರೆ ಜಾತಿ. ಆದರೆ ಒಡೆಯನ ಪಾರಿವಾಳ ಬಡವನ ಬಿತ್ತನೆ ಕಾಳು ತಿಂದರೂ ಬಡವ ಸುಮ್ಮನಿರಬೇಕಿತ್ತು. ಹೊಸ ನಿರ್ಣಯದಂತೆ ಊರು ಗೊತ್ತುಮಾಡಿದ ಕಾಲದಲ್ಲಿ ಪಾರಿವಾಳಗಳನ್ನು ಕೂಡಿಹಾಕಬೇಕು. ಆಗ ಹೊರಗೆ ಬಂದರೆ ಯಾರು ಬೇಕಾದರೂ ತಮ್ಮ ಹೊಲದಲ್ಲಿ ಹೊಡೆಯಬಹುದು.

ಇಂಗ್ಲೆಂಡಿನಲ್ಲಿ 19ನೇ ಶತಮಾನದ ದೊಡ್ಡ ರೈತರು ಹಕ್ಕಿ ಕಾಯಲು ಮಕ್ಕಳನ್ನು ಇಟ್ಟುಕೊಂಡರು. ಮುಂದೆ ಕೃಷಿ ಕೂಲಿಕಾರರ ಸಂಘ ಕಟ್ಟಿ ಪಾರ್ಲಿಮೆಂಟಿಗೂ ಹೋದ ಜೋಸೆಫ್ ಆರ್ಚ್ ತನ್ನ ಒಂಬತ್ತನೇ ವಯಸ್ಸಿಗೆ ಹಿಡಿದ ಮೊದಲ ಕೆಲಸ ಇದೇ. ದಿನಕ್ಕೆ 12 ತಾಸು ಹೊಲದಲ್ಲಿ ಕಾಗೆ ಓಡಿಸಿದರೆ ಕೂಲಿ ನಾಲ್ಕು ಪೆನ್ನಿ. ಮಕ್ಕಳು ಶಾಲೆಗೆ ಹೋದ ಮೇಲೆ ಆ ಜಾಗಕ್ಕೆ ಬೆದರುಬೊಂಬೆ, ಗ್ಯಾಸಿನ ತೋಪು ಮತ್ತು ಬಂದೂಕು ಬಂದವು.

ಬಂದೂಕಿನ ಜೊತೆ ಒಂದು ಮೋಸದ ವಿದ್ಯೆಯೂ ಬೆಳೆಯಿತು. ಪಾರಿವಾಳ ಹುಷಾರಿ ಹಕ್ಕಿ. ಹೊಲದ ನಡುವೆ ಬಂದೂಕು ಹಿಡಿದು ನಿಂತರೆ ನಾಲ್ಕು ಹೊಲ ಆಚೆಯೇ ತಿರುಗಿಬಿಡುತ್ತದೆ. ಅದಕ್ಕೆ ಬೇಟೆಗಾರ ಮೊದಲು ಬಂದೂಕು ಮುಟ್ಟದೆ ಬರೀ ನೋಡುತ್ತಾನೆ: ಹಿಂಡು ಯಾವ ಮರಸಾಲಿನ ಮೇಲಿಂದ ಬರುತ್ತದೆ, ಹೊಲದ ಯಾವ ಮೂಲೆಗೆ ಇಳಿಯುತ್ತದೆ. ಆಮೇಲೆ ಬೇಲಿಯ ಒತ್ತಿಗೆ ಬಲೆ ಮತ್ತು ಸೊಪ್ಪಿನ ಮರೆ ಕಟ್ಟಿ, ಗಾಳಿ ಬೆನ್ನಿಗೆ ಬೀಸುವಂತೆ ಕೂರುತ್ತಾನೆ. ಮುಂದೆ ಇಪ್ಪತ್ತು ಮೂವತ್ತು ಹೆಜ್ಜೆ ದೂರದಲ್ಲಿ ಗೊಂಬೆ ಪಾರಿವಾಳಗಳನ್ನು ಗಾಳಿಯ ಕಡೆ ಮುಖ ಮಾಡಿಸಿ, ನಡುವೆ ಜಾಗ ಬಿಟ್ಟು ಕುದುರೆಲಾಳದ ಆಕಾರದಲ್ಲಿ ಇಡುತ್ತಾನೆ. ಹಕ್ಕಿ ಯಾವಾಗಲೂ ಗಾಳಿಗೆ ಎದುರಾಗಿ ಇಳಿಯುತ್ತದೆ. ಹಾಗಾಗಿ ಮೇಲೆ ಹಾರುವ ಹಿಂಡಿಗೆ ಊಟದ ಪಂಕ್ತಿಯಲ್ಲಿ ಖಾಲಿ ಎಲೆ ಕಂಡ ಹಾಗೆ ಆ ಜಾಗ ಕಾಣುತ್ತದೆ, ಅದು ನೇರ ಬಂದೂಕಿನ ಮುಂದೆ.

ಗೊಂಬೆಗಿಂತ ಸತ್ತ ಪಾರಿವಾಳವೇ ಒಳ್ಳೆಯದು ಎನ್ನುತ್ತಾರೆ ಬಲ್ಲವರು. ಮೊದಲು ಬಿದ್ದವನ್ನು ತಲೆಯ ಕೆಳಗೆ ಕಡ್ಡಿ ಚುಚ್ಚಿ, ಮೇಯುತ್ತಿರುವಂತೆ ಕೂರಿಸುತ್ತಾರೆ. ರೆಕ್ಕೆ ಮಾತ್ರ ಮುಚ್ಚಿರಬೇಕು. ರೆಕ್ಕೆಯ ಬಿಳಿ ಪಟ್ಟಿ ಕಾಣುವಂತೆ ಸತ್ತ ಹಕ್ಕಿಯನ್ನು ಇಟ್ಟರೆ ಹಿಂಡು ಹೆದರಿ ದೂರ ಹೋಗುತ್ತದೆಂದು ಮುಂದೆ ವಿಜ್ಞಾನಿಗಳೂ ಪ್ರಯೋಗ ಮಾಡಿ ತೋರಿಸಿದರು. (ಓದುವಾಗ ಹೊಟ್ಟೆ ತೊಳಸಿದ್ದು ನಿಜ. ಆದರೆ ಬೆಳೆ ಕಳೆದುಕೊಂಡವರ ಮುಂದೆ ಕೂತು ಹಾಗೆ ಹೇಳುವ ಧೈರ್ಯ ನನಗಿಲ್ಲ.) ಹ್ಯಾಂಪ್‌ಶೈರ್‌ನ ಮೇಜರ್ ಆರ್ಚಿ ಕೋಟ್ಸ್ ಇದನ್ನೇ ಕಸುಬು ಮಾಡಿಕೊಂಡು ಪುಸ್ತಕವನ್ನೂ ಬರೆದರು. 1962ರ ಜನವರಿಯ ಒಂದೇ ದಿನ ಅವರು ಹೊಡೆದದ್ದು 550 ಪಾರಿವಾಳ.

ಇದು ಬರೀ ಶೋಕಿಯಾಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಹಡಗುಗಳು ಮುಳುಗಿ ಆಹಾರದ ಆಮದು ಕಷ್ಟವಾದದ್ದನ್ನು ಆ ದೇಶ ನೋಡಿತ್ತು. 1947ರ ಕೃಷಿ ಕಾಯ್ದೆಯಡಿ ಬೆಳೆ ತಿನ್ನುವ ಪ್ರಾಣಿ ಪಕ್ಷಿಗಳನ್ನು ಕೊಲ್ಲುವಂತೆ ಸರ್ಕಾರ ರೈತನಿಗೆ ಆದೇಶವನ್ನೇ ಕೊಡಬಹುದಿತ್ತು. ಚಳಿಗಾಲದ ಕೊನೆಗೆ ಊರೂರಲ್ಲಿ ಬಂದೂಕುದಾರರು ಒಂದೇ ಸಂಜೆ ತೋಪುಗಳಲ್ಲಿ ನಿಂತು ಹೊಡೆಯುತ್ತಿದ್ದರು. ಕಾಡತೂಸಿನ ಖರ್ಚಿನ ಒಂದು ಪಾಲು ಸರ್ಕಾರದ್ದು. ಈಗ ಸಾಯಿಸಿದರೆ ವಸಂತಕ್ಕೆ ಗೂಡು ಕಟ್ಟುವ ಜೋಡಿ ಕಡಿಮೆಯಾಗುತ್ತವೆ ಎಂಬ ಲೆಕ್ಕ. ಯಾರಿಗೂ ಸರಿ ಅನ್ನಿಸುವ ಲೆಕ್ಕವೇ.

ಅದನ್ನು ಪರೀಕ್ಷಿಸಿದವರು ಅದೇ ಕೃಷಿ ಇಲಾಖೆಯ ವಿಜ್ಞಾನಿ ರಾನ್ ಮರ್ಟನ್. ಕೇಂಬ್ರಿಡ್ಜ್‌ಶೈರ್‌ನ ಕಾರ್ಲ್‌ಟನ್ ಎಂಬ ಹಳ್ಳಿಯಲ್ಲಿ ಅವರೂ ಜೊತೆಗಾರರೂ ವರ್ಷಗಟ್ಟಲೆ ಪಾರಿವಾಳ ಎಣಿಸಿದರು. ಜೊತೆಗೆ ಚಳಿಗಾಲದಲ್ಲಿ ಅವು ತಿನ್ನುವ ಕ್ಲೋವರ್ ಸೊಪ್ಪಿನ ಎಲೆ ಎಷ್ಟು ಉಳಿದಿದೆ ಎಂದೂ ಲೆಕ್ಕ ಹಾಕಿದರು. ಕ್ಲೋವರ್ ಅಂದರೆ ನಮ್ಮ ಕುದುರೆಮೆಂತೆಯ ಸಂಬಂಧಿ. ಸಿಕ್ಕಿದ ಉತ್ತರ ಇದು: ವಸಂತಕ್ಕೆ ಎಷ್ಟು ಪಾರಿವಾಳ ಉಳಿಯುತ್ತವೆ ಎನ್ನುವುದನ್ನು ತೀರ್ಮಾನಿಸುವುದು ಬಂದೂಕಲ್ಲ, ಆ ಎಲೆ.

ಸುಮ್ಮನೆ ಉದಾಹರಣೆಗೆ ಹೇಳುತ್ತೇನೆ. ಹೊಲದಲ್ಲಿ 100 ಹಕ್ಕಿ, ಸೊಪ್ಪು ಇರುವುದು 60ಕ್ಕೆ. ಯಾರೂ ಹೊಡೆಯದಿದ್ದರೆ 40 ಹಸಿವಿನಿಂದ ಸಾಯುತ್ತವೆ ಅಥವಾ ಜಾಗ ಬಿಡುತ್ತವೆ. ನೀವು 30 ಹೊಡೆದರೆ ಉಳಿದ 70ರಲ್ಲಿ 10 ಮಾತ್ರ ಸಾಯುತ್ತವೆ. ಎರಡೂ ಸಲ ವಸಂತಕ್ಕೆ 60. ಹೇಗೂ ಸಾಯಲಿದ್ದ ಹಕ್ಕಿಗೆ ಸರ್ಕಾರ ಕಾಡತೂಸು ಖರ್ಚು ಮಾಡುತ್ತಿತ್ತು. ಈ ಅಧ್ಯಯನಗಳ ಬೆನ್ನಲ್ಲೇ, 1960ರ ದಶಕದಲ್ಲಿ ಆ ಸಬ್ಸಿಡಿ ನಿಂತಿತು. ತಮ್ಮದೇ ಇಲಾಖೆಯ ಯೋಜನೆ ದಂಡ ಎಂದು ಇಲಾಖೆಯವರೇ ಬರೆದದ್ದು, ಬರೆದದ್ದನ್ನು ಮೇಲಿನವರು ಓದಿದ್ದು, ಸುದ್ದಿಗಾರನಾಗಿ ನನಗೆ ಇದೇ ದೊಡ್ಡ ಸುದ್ದಿ.

ಹಾಗಾದರೆ ಹೊಡೆಯುವುದೇ ಸುಳ್ಳೇ? ಅಲ್ಲ. ಮೊಳಕೆ ಬಂದ ಬಟಾಣಿ ಹೊಲಕ್ಕೆ ಹಿಂಡು ಇಳಿದ ದಿನ ಬಂದೂಕು ಸದ್ದು ಮಾಡಿದರೆ ಆ ಹೊಲ ಉಳಿಯಬಹುದು. ಹೊಲ ಕಾಯುವುದು ಬೇರೆ, ಸಂತತಿ ಇಳಿಸುವುದು ಬೇರೆ. ಸಬ್ಸಿಡಿ ಕೊಟ್ಟವರು ಎರಡನ್ನೂ ಒಂದೇ ಅಂದುಕೊಂಡಿದ್ದರು.

ಆಮೇಲೆ ಆದದ್ದು ಮರ್ಟನ್ ಮಾತಿಗೆ ಉಲ್ಟಾ ಕಡೆಯಿಂದ ಸಾಕ್ಷಿ. 1973ರಲ್ಲಿ ಬ್ರಿಟನ್ ಯುರೋಪಿನ ಆರ್ಥಿಕ ಸಮುದಾಯ ಸೇರಿತು. ಎಣ್ಣೆಕಾಳಿಗೆ ಬೆಂಬಲ ಬೆಲೆ ಸಿಕ್ಕಿತು. ಸಾಸಿವೆ ಜಾತಿಯ ರೇಪ್‌ಸೀಡ್ ಬೆಳೆ ಕೆಲವು ಸಾವಿರ ಹೆಕ್ಟೇರ್‌ನಿಂದ ಲಕ್ಷಗಟ್ಟಲೆ ಹೆಕ್ಟೇರ್‌ಗೆ ಹಬ್ಬಿ, 2012ರ ಹೊತ್ತಿಗೆ ಏಳು ಲಕ್ಷ ದಾಟಿತು. ಚಳಿಗಾಲಕ್ಕೆ ಮುಂಚೆ ಬಿತ್ತುವ ಈ ಬೆಳೆ ಹಿಮದಲ್ಲೂ ಹಸಿರಾಗಿರುತ್ತದೆ. ಪಾರಿವಾಳವನ್ನು ಹಿಡಿತದಲ್ಲಿಟ್ಟಿದ್ದ ಚಳಿಗಾಲದ ಹಸಿವು ಹೋಯಿತು. ಇವತ್ತು ಅಲ್ಲಿ ಸುಮಾರು 50 ಲಕ್ಷ ಜೋಡಿ ಪಾರಿವಾಳಗಳಿವೆ.

ಕಾನೂನಿನ ಜಗಳ ಇನ್ನೂ ನಡೆಯುತ್ತಿದೆ. ಅಲ್ಲಿ ಪಾರಿವಾಳ ಹೊಡೆಯುವುದು ಬೆಳೆ ರಕ್ಷಣೆಯಂಥ ಕಾರಣಕ್ಕೆ ಕೊಟ್ಟ ಸಾಮಾನ್ಯ ಪರವಾನಗಿಯಡಿ. ಬರೀ ಮೋಜಿಗೆ ಹೊಡೆಯುವಂತಿಲ್ಲ. ವೈಲ್ಡ್ ಜಸ್ಟಿಸ್ ಎಂಬ ಸಂಘಟನೆ ಈ ಪರವಾನಗಿ ಕೊಡುವ ಕ್ರಮವೇ ಕಾನೂನುಬದ್ಧವಲ್ಲ ಎಂದು ಪ್ರಶ್ನಿಸಿತು. 2019ರ ಏಪ್ರಿಲ್ 25ರಂದು ಸರ್ಕಾರಿ ಸಂಸ್ಥೆ ನ್ಯಾಚುರಲ್ ಇಂಗ್ಲೆಂಡ್ ಅವನ್ನು ಹಿಂತೆಗೆದುಕೊಂಡಿತು. ಹೊಲಗಳಲ್ಲಿ ಎಳೆ ಬೆಳೆ ಇದ್ದ ಸಮಯ, ರೈತರು ಕೂಗಾಡಿದರು. ಮೇ ಆರಂಭದಲ್ಲಿ ಪಾರಿವಾಳಕ್ಕೆಂದೇ ಹೊಸ ಪರವಾನಗಿ ಬಂತು, ಬೆಳೆಗೆ ಗಂಭೀರ ಹಾನಿ ತಡೆಯಲು ಮಾತ್ರ ಎಂಬ ಷರತ್ತಿನೊಂದಿಗೆ.