ಗಡಿಗೆ ನೆಟ್ಟ ಲಾವಂಚ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಇಳಿಜಾರಿನ ಕೆಂಪು ಹೊಲಗಳಲ್ಲಿ ಒಂದು ಬಿರುಮಳೆ ಸಾಕು, ಮೇಲ್ಮಣ್ಣು ಹಳ್ಳ ಸೇರುತ್ತದೆ. ಅದನ್ನು ತಡೆಯಲು ಬದುವಿನ ಮೇಲೆ ಏನು ನೆಡಬೇಕು? ಹಳೆಯ ಮೈಸೂರು ಜಿಲ್ಲೆಯ ರೈತರ ಬಳಿ ಇದಕ್ಕೆ ಉತ್ತರವಿತ್ತು: ಲಾವಂಚ.

ಫಿಜಿಯ ಕಬ್ಬಿನ ಹೊಲಗಳಲ್ಲಿ 1950ರ ದಶಕದಲ್ಲೇ ಲಾವಂಚ ನೆಡಿಸಿದ್ದ ಜಾನ್ ಗ್ರೀನ್‌ಫೀಲ್ಡ್, 80ರ ದಶಕದಲ್ಲಿ ವಿಶ್ವಬ್ಯಾಂಕಿನ ರಿಚರ್ಡ್ ಗ್ರಿಮ್‌ಶಾ ಜೊತೆ ಅದನ್ನು ಭಾರತದ ಮಳೆಯಾಶ್ರಿತ ಜಮೀನುಗಳಿಗೆ ತರಲು ಹೊರಟರು. ಆಗ ಮೈಸೂರು ಜಿಲ್ಲೆಗೇ ಸೇರಿದ್ದ ಗುಂಡ್ಲುಪೇಟೆಯಲ್ಲಿ ನೋಡಿದರೆ, ರೈತರು ತಲೆಮಾರುಗಳಿಂದ ಅದೇ ಹುಲ್ಲನ್ನು ಹೊಲದಂಚಿನಲ್ಲಿ ಸಾಕಿಕೊಂಡು ಬಂದಿದ್ದರು! ಅವರು ನೆಟ್ಟದ್ದು ಗಡಿ ಗುರುತಿಗೆ. ಬರೀ ಮಣ್ಣಿನ ಬದುವನ್ನು ನೇಗಿಲು ವರ್ಷವರ್ಷವೂ ಒತ್ತರಿಸಬಹುದು. ಲಾವಂಚದ ಬುಡ ನೆಟ್ಟ ಜಾಗ ಬಿಟ್ಟು ಕದಲುವುದಿಲ್ಲ. ಮಣ್ಣು ಉಳಿದದ್ದು ಅದರ ಜೊತೆಗೆ ಸಿಕ್ಕ ಲಾಭ.

ಈ ಬುಡವನ್ನು ಹತ್ತಿರದಿಂದ ನೋಡಬೇಕು. ಗೇಣಿಗಿಂತ ಕಡಿಮೆ ಅಂತರದಲ್ಲಿ ನೆಟ್ಟ ಸಸಿಗಳು ಎರಡು ಮೂರು ವರ್ಷದಲ್ಲಿ ಒಂದಕ್ಕೊಂದು ಕೂಡಿಕೊಂಡು ಸಂದಿಲ್ಲದ ಸಾಲಾಗುತ್ತವೆ. ಹರಿದು ಬಂದ ನೀರು ಬಿರುಸಾದ ಕಾಂಡಗಳ ನಡುವೆ ಸೋಸಿ ನಿಧಾನವಾಗಿ ಮುಂದೆ ಹೋಗುತ್ತದೆ, ಹೂಳು ಹಿಂದೆಯೇ ನಿಲ್ಲುತ್ತದೆ. ಹೂಳು ಏರಿದಂತೆ ಬುಡವೂ ಮೇಲೇರುತ್ತದೆ. ಇಳಿಜಾರು ತಾನಾಗಿ ಮಟ್ಟಸವಾಗುತ್ತದೆ. ಬೇರು ಪಕ್ಕಕ್ಕೆ ಹಬ್ಬದೆ ಮೂರು ಮೀಟರ್‌ವರೆಗೂ ನೆಟ್ಟಗೆ ಇಳಿಯುವುದರಿಂದ ಪಕ್ಕದ ರಾಗಿಯ ಸಾರ ಕದಿಯುವುದಿಲ್ಲ. ದಕ್ಷಿಣದ ತಳಿ ಬೀಜ ಕಟ್ಟುವುದೇ ಅಪರೂಪ, ಹಾಗಾಗಿ ಕಳೆಯಾಗುವ ಭಯವೂ ಇಲ್ಲ. ಬಲಿತ ಗರಿಯನ್ನು ದನ ಅಷ್ಟಾಗಿ ಮುಟ್ಟುವುದಿಲ್ಲ.

ಬದುವಿಗೆ ಕತ್ತಾಳೆಯೂ ಬಂತು, ಲಕ್ಕಿಯೂ ಬಂತು, ಗೊಬ್ಬರದ ಗಿಡವೂ ಬಂತು. ಒಂದೊಂದಕ್ಕೂ ಅದರದೇ ಉಪಯೋಗ ಉಂಟು. ಆದರೆ ಬುಡಗಳ ನಡುವಿನ ಸಂದಿಯನ್ನು ಲಾವಂಚದಂತೆ ಮುಚ್ಚುವ ಗುಣ ಅವಕ್ಕಿಲ್ಲ.

ಗ್ರೀನ್‌ಫೀಲ್ಡ್ ಬರೆದ ಪುಟ್ಟ ಹಸಿರು ಕೈಪಿಡಿ 1987ರಲ್ಲಿ ಹೊರಬಂತು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಈ ಹುಲ್ಲಿನ ಬಗ್ಗೆಯೇ ಒಂದು ಪುಸ್ತಕ ತಂದಿತು. ದೊರೆ ಭೂಮಿಬೋಲ್ ಅವರ ಆಸಕ್ತಿಯಿಂದ ಥಾಯ್ಲೆಂಡ್ ಇದನ್ನು ಕೈಗೆತ್ತಿಕೊಂಡಿತು. ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1996ರಲ್ಲಿ ಅಲ್ಲಿನ ಚಿಯಾಂಗ್ ರಾಯ್‌ನಲ್ಲಿ ನಡೆಯಿತು. ಗುಂಡ್ಲುಪೇಟೆಯ ಆ ರೈತರಿಗೆ ಇದರಲ್ಲಿ ಸಲ್ಲಬೇಕಾದಷ್ಟು ಮನ್ನಣೆ ಸಲ್ಲಲಿಲ್ಲ.

ಇದೇ ಹುಲ್ಲಿಗೆ ಇನ್ನೊಂದು ಮಾರುಕಟ್ಟೆಯೂ ಇದೆ. ಕುಡಿಯುವ ನೀರಿನ ಮಡಕೆಗೆ, ಬೀಸಣಿಗೆಗೆ, ಸುಗಂಧದ ಎಣ್ಣೆಗೆ ಬೇಕಾಗುವುದು ಇದರ ಬೇರು. ಬೇರು ಕೀಳಲು ನೆಲ ಅಗೆಯಲೇಬೇಕು, ಅಗೆದರೆ ಬದು ಸಡಿಲವಾಗುತ್ತದೆ. ಆದ್ದರಿಂದ ಮಾರುವ ಲಾವಂಚವನ್ನು ಸಮತಟ್ಟಾದ ಮಡಿಯಲ್ಲಿ ಬೇರೆಯಾಗಿಯೇ ಬೆಳೆಯಬೇಕು. ಬದುವಿನ ಸಾಲಿಗೆ ಗುದ್ದಲಿ ಮುಟ್ಟಿಸದೆ ಗರಿಯನ್ನಷ್ಟೇ ಮೊಳದುದ್ದಕ್ಕೆ ಸವರಿ, ಮುಚ್ಚಿಗೆಯಾಗಿ ಹೊಲಕ್ಕೇ ಹಾಸಬಹುದು.