ಕತ್ತುನೋವಿಗೆ ಭೌತಚಿಕಿತ್ಸೆ

ತಲೆಯ ಭಾರವನ್ನು ಹೊತ್ತು ನಾಲ್ದೆಸೆಗೂ ಹೊರಳಬೇಕಾದ ಕತ್ತಿನ ಏಳು ಕಿರಿಯ ಕಶೇರುಗಳ ವ್ಯಾಧಿಯನ್ನು ಅಂಗಮರ್ದನ, ಸೆಳೆತ, ಶಾಖ, ವ್ಯಾಯಾಮಗಳಿಂದ ಶಮನಗೊಳಿಸುವ ಪದ್ಧತಿಗೆ ಕತ್ತಿನ ಭೌತಚಿಕಿತ್ಸೆ, ಅಂದರೆ ವಾಡಿಕೆಯ ಫಿಸಿಯೋಥೆರಪಿ, ಎಂದು ಹೆಸರು. ವ್ಯಾಧಿಯೇನೋ ಪುರಾತನವಾದುದು. ಕತ್ತು ಸೆಟೆದು ತಿರುಗದಂತಾಗುವುದನ್ನು ಸುಶ್ರುತಸಂಹಿತೆ ಮನ್ಯಾಸ್ತಂಭವೆಂದು ಕರೆದು, ಹಗಲುನಿದ್ದೆಯನ್ನೂ ಕೂರುವ ನಿಲ್ಲುವ ಭಂಗಿಯ ದೋಷವನ್ನೂ ಅದಕ್ಕೆ ಕಾರಣವಾಗಿ ಎಣಿಸಿದೆ.

ಯುರೋಪಿನಲ್ಲಿ ಬಹುಕಾಲ ಪ್ರಾಶಸ್ತ್ಯ ಪಡೆದುದು ಸೆಳೆತವೇ. ಆಂಗ್ಲ ವೈದ್ಯ ಫ್ರಾನ್ಸಿಸ್ ಗ್ಲಿಸನ್ 1650ರ ಗ್ರಂಥದಲ್ಲಿ ಮೂಳೆ ಬಾಗಿದ ಮಕ್ಕಳನ್ನು ಪಟ್ಟಿಗಳಿಂದ ತೂಗುಹಾಕುವ ಕ್ರಮವನ್ನು ವರ್ಣಿಸಿದನು. ಗದ್ದಕ್ಕೂ ಹಿಂದಲೆಗೂ ತೊಡಿಸಿ ಕಪ್ಪಿಯ ಮೇಲೆ ತೂಕ ಇಳಿಬಿಡುವ ಜೋಲಿಗೆ ಮುಂದೆ ಅವನ ಹೆಸರೇ ನಿಂತಿತು. 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಪೇರ್ ಹೆನ್ರಿಕ್ ಲಿಂಗ್ ಸ್ಥಾಪಿಸಿದ ಸಂಸ್ಥೆ ವ್ಯಾಯಾಮಕ್ಕೆ ಶಾಸ್ತ್ರದ ಗೌರವ ತಂದಿತು. ಅಂಗಮರ್ದನಕ್ಕೆ ಅಂಟಿದ್ದ ಅಪಕೀರ್ತಿಯನ್ನು ತೊಡೆಯಲು 1894ರಲ್ಲಿ ಲಂಡನ್ನಿನ ನಾಲ್ವರು ದಾದಿಯರು ಕಟ್ಟಿದ ಸಂಘ 1920ರಲ್ಲಿ ರಾಜಸನದು ಪಡೆಯಿತು. ವೃತ್ತಿಯ ಮರ್ಯಾದೆ ಈ ಸ್ತ್ರೀಯರ ಋಣವೆಂದರೆ ಅತಿಶಯೋಕ್ತಿಯಾಗದು.

1952ರಲ್ಲಿ ಆಂಗ್ಲ ನರತಜ್ಞ ರಸೆಲ್ ಬ್ರೇನ್ ಮತ್ತು ಅವನ ಸಹೋದ್ಯೋಗಿಗಳು ಕತ್ತಿನ ಕೀಲುಗಳ ಸವೆತವಾದ ಸ್ಪಾಂಡಿಲೋಸಿಸ್ಸಿನಿಂದ ನರಗಳಿಗೂ ಬೆನ್ನುಹುರಿಗೂ ಒದಗುವ ಬಾಧೆಯನ್ನು ವಿಶದಪಡಿಸಿದರು. ಆ ಬಳಿಕ ಸವೆದ ಕೀಲುಗಳ ಎಕ್ಸ್-ರೇ ಚಿತ್ರವೇ ರೋಗವೆಂಬ ಭ್ರಾಂತಿಯೂ ಬೆಳೆಯಿತು. ನೋವೇ ಇಲ್ಲದ ವೃದ್ಧರಲ್ಲಿಯೂ ಅಂಥ ಸವೆತ ಸಾಮಾನ್ಯವೆಂಬುದು ಬೇಗನೆ ಮರೆಯಾಗುತ್ತದೆ. ಇನ್ನೂ ಮುಜುಗರ ತಂದದ್ದು 1966ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಪರೀಕ್ಷೆ. ಕತ್ತು ಮತ್ತು ತೋಳುಗಳ ನೋವಿನವರಲ್ಲಿ ಕೆಲವರಿಗೆ ಸೆಳೆತ, ಕೆಲವರಿಗೆ ಕಾಲರ್, ಮತ್ತೆ ಕೆಲವರಿಗೆ ಔಷಧಗುಣವಿಲ್ಲದ ಗುಳಿಗೆ ಕೊಟ್ಟು ನೋಡಲಾಗಿ, ಹೆಚ್ಚಿನವರು ಯಾವ ಗುಂಪಿನಲ್ಲಿದ್ದರೂ ಸುಧಾರಿಸಿದರು! ಚಿಕಿತ್ಸಕರು ಆಗಲೇ ಅರ್ಥಮಾಡಿಕೊಳ್ಳಬೇಕಿದ್ದ, ಸುಧಾರಣೆಯೆಲ್ಲವೂ ಚಿಕಿತ್ಸೆಯ ಫಲವಲ್ಲವೆಂಬ ಈ ಪಾಠವನ್ನು ಕಲಿಯಲು ದಶಕಗಳೇ ಹಿಡಿದವು.

ಅಷ್ಟರಲ್ಲಿ ಆಸ್ಟ್ರೇಲಿಯದ ಅಡಿಲೇಡಿನ ಜೆಫ್ರಿ ಮೇಟ್‌ಲೆಂಡ್, ನೋವಿನ ತೀವ್ರತೆಯನ್ನು ನೋಡಿಕೊಂಡು ಕೀಲುಗಳನ್ನು ಮೆಲ್ಲನೆ ಅಲುಗಿಸುವ ಹಸ್ತಕ್ರಮವನ್ನು 1964ರ ಗ್ರಂಥದಲ್ಲಿ ನಿರೂಪಿಸಿದ್ದನು. ವಾಹನಾಪಘಾತದಲ್ಲಿ ಕತ್ತು ಉಳುಕಿದವರನ್ನು ಕುರಿತು 1995ರಲ್ಲಿ ವರದಿಯಿತ್ತ ಕೆನಡಾದ ಕ್ವಿಬೆಕ್ ಸಮಿತಿ, ಕಾಲರಿನ ವಿಶ್ರಾಂತಿಗಿಂತ ಬೇಗನೆ ಚಲನೆಗೆ ಮರಳುವುದೇ ಲೇಸೆಂದಿತು. ಕ್ವೀನ್ಸ್‌ಲೆಂಡಿನ ಗ್ವೆಂಡೊಲೆನ್ ಜಲ್ ಮೊದಲಾದವರ 2002ರ ಪ್ರಯೋಗದಲ್ಲಿ, ಕತ್ತಿನಿಂದ ಹುಟ್ಟುವ ತಲೆನೋವಿಗೆ ಹಸ್ತಚಿಕಿತ್ಸೆಯಿಂದಲೂ ಕತ್ತಿನ ಆಳದ ಸ್ನಾಯುಗಳಿಗೆ ಕೊಡುವ ಹಗುರ ವ್ಯಾಯಾಮದಿಂದಲೂ ದೊರೆತ ಉಪಶಮನವು ವರ್ಷ ಕಳೆದರೂ ನಿಂತಿತ್ತು.